‘ಆ ಮಂದಿ ಅಲ್ಲ್ಯಾಕ ಇರ್ತಾರ್ರಿ?’: ಜ್ವಾಲಾಮುಖಿ ಪಾಠದಲ್ಲಿ ಬರುವ ಒಂದು ಪ್ರಶ್ನೆ

ಕಳೆದ ವರ್ಷದ ಬೋಧನಾಭ್ಯಾಸದ ಅವಧಿಯಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಯ ಭೂಗೋಳ ಪಾಠ ವೀಕ್ಷಿಸುತ್ತಿದ್ದೆ. ವಿಷಯ ಜ್ವಾಲಾಮುಖಿ. ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧತೆ ಮಾಡಿಕೊಂಡು ಬಂದಿದ್ದರು. ಮಣ್ಣಿನಿಂದ ಮಾಡಿದ ಬೆಟ್ಟದ ಮಾದರಿ ಇತ್ತು. ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿದಾಗ ಕೆಂಪು ನೊರೆ ಉಕ್ಕಿತು, ಹಿಂದಿನ ಸಾಲಿನ ಹುಡುಗರು ಬೆಂಚಿನ ಮೇಲೆ ಎದ್ದು ನಿಂತು ನೋಡಿದರು. ಶಿಲಾಪಾಕ, ಲಾವಾರಸ, ಜಾಗೃತ, ಸುಪ್ತ, ಲುಪ್ತ ಎಂಬ ಪದಗಳು ಕಪ್ಪುಹಲಗೆಯ ಮೇಲೆ ಅಂದವಾಗಿ ಮೂಡಿದವು. ಪಾಠ ಮುಗಿಯಲು ಐದು ನಿಮಿಷ ಇರುವಾಗ ಒಬ್ಬ ಹುಡುಗ ಕೇಳಿದ:

“ಸರ್, ಅಷ್ಟ್ ಹೆದರಿಕಿ ಇದ್ರ ಆ ಮಂದಿ ಅಲ್ಲ್ಯಾಕ ಇರ್ತಾರ್ರಿ?”

ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು ಉತ್ತರಿಸಿದರು: “ಅವರಿಗೆ ತಿಳಿವಳಿಕೆ ಇರೋದಿಲ್ಲ. ಅದಕ್ಕೇ ಇರ್ತಾರೆ. ಮತ್ತೆ, ಅಲ್ಲಿನ ಮಣ್ಣು ಫಲವತ್ತಾಗಿರುತ್ತೆ.” ತರಗತಿ ನಕ್ಕಿತು. ಗಂಟೆ ಬಾರಿಸಿತು.

ನಾನು ವೀಕ್ಷಣಾ ಹಾಳೆಯಲ್ಲಿ ಬೋಧನೋಪಕರಣಕ್ಕೆ, ಕಪ್ಪುಹಲಗೆಯ ಕೆಲಸಕ್ಕೆ, ಧ್ವನಿಯ ಏರಿಳಿತಕ್ಕೆ ಒಳ್ಳೆಯ ಮಾತು ಬರೆದೆ. ಆ ಉತ್ತರದ ಬಗ್ಗೆ ಏನೂ ಬರೆಯಲಿಲ್ಲ. ಹೊರಗೆ ಬರುವಾಗ ಒಬ್ಬಳು ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಪಾಠದ ನಡುವೆ ಕೈ ಎತ್ತಿ, ಮತ್ತೆ ಇಳಿಸಿದ್ದವಳು. ಏನು ಕೇಳಬೇಕಿತ್ತು ಎಂದೆ. “ಹೊಳಿ ಬಂದಾಗ ನಮ್ಮನಿ ಮುಳುಗಿತ್ರಿ ಮೇಡಂ. ಮ್ಯಾಲೆ ಹೊಸ ಮನಿ ಕೊಟ್ಟಾರ. ನಮ್ಮ ಅಜ್ಜಿ ಮಾತ್ರ ಹಳೇ ಊರಾಗ ಇರ್ತಾಳ, ಬರಾಕ ಒಲ್ಲೆ ಅಂತಾಳ್ರಿ. ಆದ್ರ ಅಕಿಗೆ ತಿಳಿವಳಿಕಿ ಇಲ್ಲಂತ ಅಲ್ರಿ.”

ಆ ಹುಡುಗಿಯ ಮಾತಿನಿಂದ ನನ್ನ ತಪ್ಪು ನನಗೆ ತಿಳಿಯಿತು. ಇಪ್ಪತ್ತು ವರ್ಷಗಳಿಂದ ನಾನೂ ‘ಫಲವತ್ತಾದ ಮಣ್ಣು’ ಎಂಬ ಒಂದೇ ಉತ್ತರವನ್ನು ಪ್ರಶಿಕ್ಷಣಾರ್ಥಿಗಳ ಕೈಗೆ ಕೊಟ್ಟು ಕಳಿಸುತ್ತಿದ್ದೆ. ನಮ್ಮ ದೇಶದ ಜಾಗೃತ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ, ಅಲ್ಲಿ ಜನವಸತಿಯೇ ಇಲ್ಲ. ವಿಜಯಪುರ, ಕಲಬುರಗಿಯ ಎರೆಮಣ್ಣಿಗೆ ಮೂಲವಾದ ಲಾವಾರಸ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಮನುಷ್ಯರೇ ಇಲ್ಲದ ಕಾಲದಲ್ಲಿ. ಹೀಗಾಗಿ ನಮ್ಮ ಪಾಠಗಳಲ್ಲಿ ಜ್ವಾಲಾಮುಖಿ ಇರುತ್ತದೆ, ಅದರ ಬುಡದಲ್ಲಿ ಬದುಕುವ ಮನುಷ್ಯರು ಇರುವುದಿಲ್ಲ. ಆ ಹುಡುಗನ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ನಾನು ಒಂದು ಊರಿನ ಬಗ್ಗೆ ಓದತೊಡಗಿದೆ. ಆ ಊರನ್ನು ನಾನು ಕಂಡಿಲ್ಲ, ಆದರೆ ಅಲ್ಲಿ ನಡೆದದ್ದರ ಬಗ್ಗೆ ಸಂಶೋಧಕರು ಸಾಕಷ್ಟು ಬರೆದಿದ್ದಾರೆ. ಪಾಠಕ್ಕೆ ಉಪಯೋಗವಾಗುವಷ್ಟನ್ನು ಇಲ್ಲಿ ವಿವರಿಸುತ್ತೇನೆ.

ಊರು ಮತ್ತು ಬೆಟ್ಟ

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ, ಆಂಡಿಸ್ ಪರ್ವತಗಳಿಂದ ಅಮೆಜಾನ್ ಕಾಡಿನ ಕಡೆಗೆ ಇಳಿಯುವ ದಾರಿಯಲ್ಲಿ ಬಾನ್ಯೋಸ್ ಎಂಬ ಪಟ್ಟಣವಿದೆ. ಹೆಸರಿನ ಅರ್ಥವೇ ಸ್ನಾನದ ಕೊಳಗಳು. ಸುಮಾರು 1,800 ಮೀಟರ್ ಎತ್ತರ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪವೇ ಕೆಳಗೆ. ಊರಿನ ತೆಂಕಣಕ್ಕೆ 5,023 ಮೀಟರ್ ಎತ್ತರದ ತುಂಗುರಾವಾ ಜ್ವಾಲಾಮುಖಿ ನಿಂತಿದೆ. ಜ್ವಾಲಾಮುಖಿಯ ಬಾಯಿಗೂ ಊರಿಗೂ ನೇರ ಅಂತರ ಸುಮಾರು 8 ಕಿಲೋಮೀಟರ್ ಮಾತ್ರ. ಇಳಿಜಾರು ಎಷ್ಟು ಕಡಿದೆಂದರೆ ಊರಿನ ನಡುವೆ ನಿಂತವರಿಗೆ ತುದಿ ಕಾಣುವುದಿಲ್ಲ, ನೋಡಬೇಕಾದರೆ ಎದುರಿನ ಗುಡ್ಡ ಹತ್ತಬೇಕು.

ಪೆಸಿಫಿಕ್ ಸಾಗರದ ತಳದ ನಾಜ್ಕಾ ಭೂಫಲಕ ದಕ್ಷಿಣ ಅಮೆರಿಕದ ಭೂಫಲಕದ ಕೆಳಗೆ ನುಸುಳುತ್ತಿರುವುದೇ ಆಂಡಿಸ್‌ನ ಜ್ವಾಲಾಮುಖಿಗಳಿಗೆ ಕಾರಣ. ಇದು ನಮ್ಮ ಪಠ್ಯದಲ್ಲಿರುವ ಸಂಗತಿಯೇ. ಪಠ್ಯದಲ್ಲಿ ಇಲ್ಲದ್ದು ಮುಂದಿನ ಮಾತು: ಬಾನ್ಯೋಸ್ ನಿಂತಿರುವ ಸಮತಟ್ಟಾದ ನೆಲವೇ ಹಿಂದೊಮ್ಮೆ ಆ ಬೆಟ್ಟದಿಂದ ಹರಿದು ಗಟ್ಟಿಯಾದ ಲಾವಾ. ಊರಿಗೆ ಹೆಸರು ತಂದ ಬಿಸಿನೀರನ್ನು ಕಾಯಿಸುವುದೂ ಅದೇ ಬೆಟ್ಟದ ಶಾಖ. ಕೊಳಗಳಲ್ಲಿ ಮೀಯಲು, ಪಾಸ್ತಾಸಾ ನದಿಯ ಕಮರಿಯ ಜಲಪಾತಗಳನ್ನು ನೋಡಲು, ಊರಿನ ಮಾತೆ ಮೇರಿಯ ದೇವಾಲಯಕ್ಕೆ ಹರಕೆ ತೀರಿಸಲು ಜನ ಬರುತ್ತಾರೆ. ಅಂಗಡಿಗಳ ಬಾಗಿಲಲ್ಲಿ ಮರದ ಗೂಟಕ್ಕೆ ಸಿಕ್ಕಿಸಿ ಎಳೆದೆಳೆದು ಮಾಡುವ ‘ಮೆಲ್ಕೋಚಾ’ ಎಂಬ ಕಬ್ಬಿನ ಪಾಕದ ಮಿಠಾಯಿ ಕೊಂಡು ಹೋಗುತ್ತಾರೆ. ವಸತಿಗೃಹ, ಊಟದ ಮನೆ, ವಾಹನ, ಮಾರ್ಗದರ್ಶಿ, ಮಿಠಾಯಿ, ಹೀಗೆ ಊರಿನ ಹೆಚ್ಚಿನ ಮನೆಗಳ ಗಳಿಕೆ ಬಂದು ಹೋಗುವವರಿಂದಲೇ.

ಅಂದರೆ ‘ಫಲವತ್ತಾದ ಮಣ್ಣು’ ಎಂಬ ಉತ್ತರ ಇಲ್ಲಿ ಅರ್ಧವೂ ಸಾಲದು. ‘ತಿಳಿವಳಿಕೆ ಇಲ್ಲ’ ಎಂಬುದಂತೂ ತಪ್ಪು. ಆ ದೇವಾಲಯದ ಗೋಡೆಗಳ ಮೇಲೆ ದೊಡ್ಡ ವರ್ಣಚಿತ್ರಗಳಿವೆ. ಮಾತೆ ಜನರನ್ನು ಆಪತ್ತಿನಿಂದ ಕಾಪಾಡಿದ ಪ್ರಸಂಗಗಳು ಅವು. 1773ರ ಜ್ವಾಲಾಮುಖಿ ಸ್ಫೋಟವೂ ಅವುಗಳಲ್ಲಿ ಒಂದು. ಪ್ರತಿ ವಾರ ಪ್ರಾರ್ಥನೆಗೆ ಹೋಗುವಾಗ ಬೆಂಕಿ ಕಾರುವ ಬೆಟ್ಟದ ಚಿತ್ರ ನೋಡುತ್ತಾ ಬೆಳೆದವರು ಆ ಊರಿನವರು.

ಆದರೂ ಒಂದು ತೊಡಕಿತ್ತು. 1773ರ ನಂತರ 1886ರಲ್ಲಿ, ಆಮೇಲೆ 1916ರಿಂದ 1918ರವರೆಗೆ ತುಂಗುರಾವಾ ಸಿಡಿದಿತ್ತು. ಆ ಬಳಿಕ ಸುಮಾರು ಎಂಬತ್ತು ವರ್ಷ ಸುಮ್ಮನಿತ್ತು. ಸ್ಫೋಟವನ್ನು ಕಂಡವರು ತೀರಿಕೊಂಡರು, ಉಳಿದದ್ದು ಚಿತ್ರ ಮತ್ತು ಕಥೆ. ‘ಸುಪ್ತ’ ಎಂಬ ಪದವನ್ನು ನಾವು ಬೋಧಿಸುವಾಗ ಇದನ್ನು ಮಕ್ಕಳ ಗಮನಕ್ಕೆ ತರಬೇಕು. ಬೆಟ್ಟದ ಲೆಕ್ಕದಲ್ಲಿ ಎಂಬತ್ತು ವರ್ಷ ಒಂದು ಸಣ್ಣ ನಿದ್ದೆ. ಮನುಷ್ಯರ ಲೆಕ್ಕದಲ್ಲಿ ಅದು ಮೂರು ತಲೆಮಾರು.

1999: ಊರು ಬಿಟ್ಟದ್ದು, ಮರಳಿದ್ದು

1999ರಲ್ಲಿ ಬೆಟ್ಟ ಮತ್ತೆ ಎಚ್ಚರಗೊಂಡಿತು. ಕೀಟೊ ನಗರದ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಭೂಭೌತ ಸಂಸ್ಥೆಯ ಉಪಕರಣಗಳು ಕಂಪನಗಳನ್ನೂ ಗಂಧಕದ ಅನಿಲವನ್ನೂ ದಾಖಲಿಸಿದವು. ಈಕ್ವೆಡಾರ್‌ನಲ್ಲಿ ಅಪಾಯದ ಮಟ್ಟವನ್ನು ಬಿಳಿ, ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳಿಂದ ಸಾರುತ್ತಾರೆ. ಸೆಪ್ಟೆಂಬರಿನಲ್ಲಿ ಹಳದಿ ಇದ್ದದ್ದು ಅಕ್ಟೋಬರ್ 16ರಂದು ಕಿತ್ತಳೆಗೆ ಏರಿತು. ಊರು ಬಿಡಬೇಕೆಂದು ಆಜ್ಞೆಯಾಯಿತು. ಬಾನ್ಯೋಸ್ ಮತ್ತು ಸುತ್ತಲಿನ ಹಳ್ಳಿಗಳಿಂದ ಸುಮಾರು 25,000 ಜನ ಹೊರಟರು. ರಸ್ತೆಗಳಲ್ಲಿ ಸೈನಿಕರ ಕಾವಲು ಬಿತ್ತು.

ಹೊರಟವರು ನೆಂಟರ ಮನೆಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ, ಶಾಲಾ ಕಟ್ಟಡಗಳಲ್ಲಿ ದಿನ ಕಳೆದರು. ಅದೇ ವರ್ಷ ದೇಶದ ಬ್ಯಾಂಕುಗಳು ಕುಸಿದಿದ್ದವು. ಮಾರ್ಚಿನಲ್ಲಿಯೇ ಸರ್ಕಾರ ಜನರ ಠೇವಣಿಗಳನ್ನು ತಡೆಹಿಡಿದಿತ್ತು. ಹಣದ ಬೆಲೆ ವಾರವಾರಕ್ಕೂ ಇಳಿಯುತ್ತಿತ್ತು. ವಸತಿಗೃಹದ ಮಾಲೀಕನಿಗೆ ಅತಿಥಿಗಳಿಲ್ಲ, ಪಾತ್ರೆ ತೊಳೆಯುವವಳಿಗೆ ಕೂಲಿ ಇಲ್ಲ, ಬ್ಯಾಂಕಿನಲ್ಲಿದ್ದ ಉಳಿತಾಯ ಕೈಗೆ ಬರುವಂತಿಲ್ಲ. ಈ ನಡುವೆ ಬೆಟ್ಟ ಬೂದಿ ಉಗುಳುತ್ತಿತ್ತು, ರಾತ್ರಿ ಕೆಂಡ ತೂರುತ್ತಿತ್ತು. ಆದರೆ ಎಲ್ಲರೂ ಹೆದರಿದ್ದ ದೊಡ್ಡ ಸ್ಫೋಟ ಆಗಲಿಲ್ಲ. ಒಂದು ತಿಂಗಳು, ಎರಡು ತಿಂಗಳು ಕಳೆಯಿತು.

2000ದ ಜನವರಿಯ ಮೊದಲ ವಾರದಲ್ಲಿ ಜನ ಗುಂಪುಗೂಡಿ, ಕಾವಲಿನ ಸೈನಿಕರೊಡನೆ ಸಂಘರ್ಷ ಮಾಡಿ ತಮ್ಮ ಊರಿಗೆ ತಾವೇ ಮರಳಿದರು. ಕೊನೆಗೆ ಅಧಿಕಾರಿಗಳು ಅವರ ವಾಸವನ್ನು ಒಪ್ಪಿಕೊಂಡು, ಇರುವವರನ್ನು ಸುರಕ್ಷಿತವಾಗಿಡುವ ದಾರಿ ಹುಡುಕಬೇಕಾಯಿತು.

ಇಲ್ಲಿ ವಿಜ್ಞಾನಿಗಳು ತಪ್ಪಿದರೇ? ಜನ ತಪ್ಪಿದರೇ? ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಇದು. ‘ಸ್ಫೋಟ ಆಗಬಹುದು’ ಎಂದು ವಿಜ್ಞಾನಿಗಳು ಹೇಳಿದ್ದರು. ಜನರ ಕಿವಿಗೆ ಅದು ‘ಸ್ಫೋಟ ಆಗುತ್ತದೆ’ ಎಂದು ಬಿತ್ತು. ಆಗದೇ ಹೋದಾಗ ಎಚ್ಚರಿಕೆಯ ಮೇಲಿನ ನಂಬಿಕೆಯೇ ಹೋಯಿತು. ಇನ್ನೊಂದು ಕಡೆ, ಊರು ಬಿಡಿಸಿದವರ ಲೆಕ್ಕದಲ್ಲಿ ಇದ್ದದ್ದು ಬೆಟ್ಟದ ಅಪಾಯ ಒಂದೇ. ಬಿಟ್ಟವರ ಲೆಕ್ಕದಲ್ಲಿ ಎರಡು ಅಪಾಯಗಳಿದ್ದವು. ಬೆಟ್ಟ ಬಹುಶಃ ಕೊಲ್ಲಬಹುದು, ಆದರೆ ಕೆಲಸವಿಲ್ಲದೆ ಕೂತರೆ ಸಂಸಾರ ಖಂಡಿತ ಮುಳುಗುತ್ತದೆ. ಅವರು ಬೆಟ್ಟವನ್ನು ಮರೆತು ಮರಳಲಿಲ್ಲ, ಎರಡನ್ನೂ ತೂಗಿ ನೋಡಿ ಮರಳಿದರು. ತೂಕ ಸರಿಯಿತ್ತೇ ಎಂಬುದು ಬೇರೆ ಮಾತು, ಮತ್ತು ಅದನ್ನು ಚರ್ಚಿಸಬಹುದು.

ಅದೇ ಬೆಟ್ಟ, ಬೇರೆ ಬೇರೆ ಬದುಕು

ಮರಳಿದ ಮೇಲೆ ಊರಿನವರು ಒಂದು ಹೊಸ ವ್ಯಾಪಾರ ಕಂಡುಕೊಂಡರು. ಬೆಟ್ಟದ ಬೆಂಕಿಯನ್ನೇ ತೋರಿಸುವುದು. ಸಂಜೆಯಾದರೆ ‘ಚೀವಾ’ ಎಂಬ ಬದಿಗಳಿಲ್ಲದ ಬಸ್ಸುಗಳು ಹಾಡು ಹಾಕಿಕೊಂಡು ಪ್ರವಾಸಿಗರನ್ನು ಎದುರಿನ ಗುಡ್ಡಕ್ಕೆ ಒಯ್ಯತೊಡಗಿದವು. ಊರಿನ ಬೀದಿಗಳಲ್ಲಿ ಅಪಾಯ ಬಂದರೆ ಯಾವ ಕಡೆ ಓಡಬೇಕೆಂದು ತೋರಿಸುವ ಗುರುತುಗಳೂ ಬಂದವು.

ಬೂದಿಯ ವಿಷಯದಲ್ಲಿ ಬಾನ್ಯೋಸ್‌ಗೆ ಅದೃಷ್ಟವಿತ್ತು. ಅಲ್ಲಿ ಗಾಳಿ ಹೆಚ್ಚಾಗಿ ಅಮೆಜಾನ್ ಕಡೆಯಿಂದ, ಮೂಡಣದಿಂದ ಪಡುವಣಕ್ಕೆ ಬೀಸುತ್ತದೆ. ಹೀಗಾಗಿ ಬೂದಿ ಬಿದ್ದದ್ದು ಹೆಚ್ಚಾಗಿ ಬೆಟ್ಟದ ಪಶ್ಚಿಮದ ರೈತರ ಹೊಲಗಳ ಮೇಲೆ. ಬೆಳೆ ಹಾಳಾಯಿತು, ಬೂದಿ ಮೆತ್ತಿದ ಹುಲ್ಲು ತಿಂದ ದನಗಳು ಕಾಯಿಲೆ ಬಿದ್ದವು. ಪಟ್ಟಣಕ್ಕೆ ಜನರನ್ನು ಸೆಳೆದ ಅದೇ ಬೆಂಕಿ ಹಳ್ಳಿಗೆ ನಷ್ಟ ತಂದಿತು. ಒಂದೇ ಜ್ವಾಲಾಮುಖಿಯ ‘ಪರಿಣಾಮಗಳು’ ಎಂದು ನಾವು ಬರೆಸುವ ಐದು ಅಂಶಗಳು ಎಲ್ಲರ ಮೇಲೂ ಒಂದೇ ತೆರನಾಗಿ ಬೀಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪಟ್ಟಣಕ್ಕೂ ತನ್ನದೇ ಅಪಾಯಗಳಿವೆ. ಬೆಟ್ಟದಿಂದ ಇಳಿಯುವ ವಾಸ್ಕುನ್ ಮತ್ತು ಉಲ್ಬಾ ಕಣಿವೆಗಳು ಊರಿನ ಎರಡು ಪಕ್ಕಗಳಿಗೆ ಬಂದು ಸೇರುತ್ತವೆ. ಮಳೆ ಬಂದಾಗ ಸಡಿಲ ಬೂದಿ ನೀರಿನೊಡನೆ ಕಲೆತು, ಬಂಡೆಗಳನ್ನೂ ಹೊತ್ತು ಗಾರೆಯಂತೆ ಹರಿಯುತ್ತದೆ. ಇದಕ್ಕೆ ‘ಲಹಾರ್’ ಎಂದು ಹೆಸರು. 2005ರ ಫೆಬ್ರವರಿಯಲ್ಲಿ ಇಂಥ ಕೆಸರು ವಾಸ್ಕುನ್ ಕಣಿವೆಯಲ್ಲಿ ಇಳಿದು ಊರಂಚಿನ ಬಿಸಿನೀರಿನ ಕೊಳಗಳವರೆಗೂ ಬಂದಿತ್ತು. ಸ್ಫೋಟವೇ ಆಗಬೇಕೆಂದಿಲ್ಲ, ಮಳೆಯೂ ಸಾಕು.

ಕೊನೆಗೆ ದೊಡ್ಡ ಸ್ಫೋಟವೂ ಬಂತು. 2006ರ ಆಗಸ್ಟ್ 16ರ ರಾತ್ರಿ ಕಾದ ಬೂದಿ, ಅನಿಲ ಮತ್ತು ಕಲ್ಲುಗಳು ಒಟ್ಟಾಗಿ ಇಳಿಜಾರಿನಲ್ಲಿ ನುಗ್ಗಿದವು. ಇಂಥ ಪ್ರವಾಹದ ಮುಂದೆ ಯಾರೂ ಓಡಿ ಗೆಲ್ಲಲಾರರು. ಅದು ಬಹುಪಾಲು ಪಶ್ಚಿಮ ಮತ್ತು ವಾಯವ್ಯ ಇಳಿಜಾರುಗಳಲ್ಲಿ ಹರಿಯಿತು. ಪಾಲಿತಾವಾ ಎಂಬ ಹಳ್ಳಿಯಲ್ಲಿ ಕೆಲವರು ಸತ್ತರು. ಬಾನ್ಯೋಸ್ ಪಟ್ಟಣ ಉಳಿಯಿತು. 1999ರಲ್ಲಿ ಹೇಳಿದ್ದು ಏಳು ವರ್ಷದ ನಂತರ ನಡೆದಿತ್ತು.

ಹಳ್ಳಿಗಳಿಂದ ಸ್ಥಳಾಂತರಗೊಂಡವರಿಗೆ ದೂರದಲ್ಲಿ ಹೊಸ ಮನೆಗಳನ್ನು ಕಟ್ಟಿಕೊಟ್ಟರು. ಮನೆ ಸಿಕ್ಕಿತು, ಹೊಲ ಸಿಗಲಿಲ್ಲ. ಅನೇಕರು ರಾತ್ರಿ ಹೊಸ ಮನೆಯಲ್ಲಿ ಮಲಗಿ, ಬೆಳಗಾದರೆ ಬೆಟ್ಟದ ಬುಡದ ಹಳೆಯ ಹೊಲಕ್ಕೆ ಹೋಗಿ ದುಡಿದು ಬರುತ್ತಿದ್ದರು. ಇದನ್ನು ಓದುವಾಗ ನನಗೆ ಬಾಗಿಲ ಬಳಿ ನಿಂತಿದ್ದ ಆ ಹುಡುಗಿಯ ನೆನಪಾಯಿತು.

ರಾತ್ರಿ ಎಂಟರ ರೇಡಿಯೊ

ಹಾಗಾದರೆ ಅಲ್ಲಿಯೇ ಇದ್ದು ಬದುಕುಳಿಯುವುದು ಹೇಗೆ? 2000ದ ನಂತರ ಅಲ್ಲಿ ‘ವಿಹೀಯಾ’ಗಳ ಜಾಲ ರೂಪುಗೊಂಡಿತು. ಸ್ಪ್ಯಾನಿಷ್‌ನಲ್ಲಿ ಈ ಪದಕ್ಕೆ ಕಾವಲಿನವರು ಎಂದರ್ಥ. ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿಯೇ ಇರುವ ಸುಮಾರು 35 ಜನ ಸ್ವಯಂಸೇವಕರು, ಬಹಳ ಮಂದಿ ರೈತರು. ಇವರಿಗೆ ಸಂಬಳವಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಒಂದು ರೇಡಿಯೊ ಯಂತ್ರ. ಪ್ರತಿ ರಾತ್ರಿ ಎಂಟು ಗಂಟೆಗೆ ಒಬ್ಬೊಬ್ಬರಾಗಿ ಗ್ವಾದಲೂಪೆ ಎಂಬಲ್ಲಿರುವ ವೀಕ್ಷಣಾಲಯಕ್ಕೆ ಮಾತಾಡುತ್ತಾರೆ. ಇಂದು ಸದ್ದು ಹೇಗಿತ್ತು, ಬೂದಿ ಬಿತ್ತೇ, ಬಣ್ಣ ಯಾವುದು, ಹಳ್ಳದಲ್ಲಿ ನೀರು ಕದಡಿದೆಯೇ. ಏನೂ ಇಲ್ಲದಿದ್ದರೆ ‘ಏನೂ ಇಲ್ಲ’ ಎಂದೇ ಹೇಳುತ್ತಾರೆ. ವಿಜ್ಞಾನಿಗಳ ಉಪಕರಣ ಕೆಡದಂತೆ ನೋಡಿಕೊಳ್ಳುತ್ತಾರೆ. ಅಪಾಯ ಹತ್ತಿರವಾದರೆ ನೆರೆಹೊರೆಯವರನ್ನು ಎಬ್ಬಿಸಿ ಹೊರಡಿಸುತ್ತಾರೆ.

ಇದರಿಂದ ಎರಡು ಲಾಭವಾಯಿತು. ಮೋಡ ಕವಿದ ದಿನ ಬೆಟ್ಟವನ್ನು ಕಾಣಲಾಗದ ವಿಜ್ಞಾನಿಗಳಿಗೆ ಸುತ್ತಲೂ ಕಣ್ಣು ಕಿವಿಗಳು ಸಿಕ್ಕವು. ಜನರಿಗೆ ಎಚ್ಚರಿಕೆಯ ಮಾತು ಅಪರಿಚಿತ ಸೈನಿಕನ ಬಾಯಿಂದಲ್ಲ, ದಿನವೂ ನೋಡುವ ಪಕ್ಕದ ಮನೆಯವನ ಬಾಯಿಂದ ಬಂತು. 2006ರಲ್ಲಿ ಕುಸೂವಾದಂಥ ಹಳ್ಳಿಗಳ ಜನ ಸಮಯಕ್ಕೆ ಹೊರಟು ಉಳಿದದ್ದರಲ್ಲಿ ಈ ಜಾಲದ ಪಾಲು ದೊಡ್ಡದು. ತುಂಗುರಾವಾ 2016ರಲ್ಲಿ ಮತ್ತೆ ಸುಮ್ಮನಾಯಿತು. ಜಾಲದ ನಿಜವಾದ ಪರೀಕ್ಷೆ ಇನ್ನು ಮುಂದೆ, ಮರೆಯುವ ಕಾಲದಲ್ಲಿ.

ತರಗತಿಗೆ ತಂದ ಬಗೆ

ಇಷ್ಟನ್ನು ಇಟ್ಟುಕೊಂಡು ಆ ಪ್ರಶಿಕ್ಷಣಾರ್ಥಿ ಮತ್ತು ನಾನು ಕೂತು ಒಂದು ಮರುಪಾಠ ಯೋಜಿಸಿದೆವು. ಅವರು ನನ್ನ ಹಿಮ್ಮಾಹಿತಿಯನ್ನು ಬೇಸರವಿಲ್ಲದೆ ಸ್ವೀಕರಿಸಿದರು. ಅದೇ ಉತ್ತರವನ್ನು ನಾನೂ ಕೊಡುತ್ತಿದ್ದೆ ಎಂದು ಮೊದಲೇ ಹೇಳಿದ್ದರಿಂದ ಸುಲಭವಾಯಿತು ಎನಿಸುತ್ತದೆ.

ತರಗತಿಯನ್ನು ನಾಲ್ಕು ಗುಂಪು ಮಾಡಿದೆವು: ಬಾನ್ಯೋಸ್‌ನ ವಸತಿಗೃಹದ ಕೆಲಸಗಾರರು, ಬೆಟ್ಟದ ಪಶ್ಚಿಮದ ರೈತರು, ವಿಜ್ಞಾನಿಗಳು, ಅಧಿಕಾರಿಗಳು. ಮೂರು ಚೀಟಿಗಳನ್ನು ಒಂದಾದ ಮೇಲೊಂದು ಕೊಟ್ಟೆವು. ಮೊದಲ ಚೀಟಿ 1999ರ ಅಕ್ಟೋಬರ್ 16ರದು, ಎರಡನೆಯದು ಅದೇ ಡಿಸೆಂಬರಿನ ಕೊನೆಯದು, ಮೂರನೆಯದು 2006ರ ಆಗಸ್ಟ್‌ನದು. ಪ್ರತಿ ಚೀಟಿಯಲ್ಲಿ ಆ ದಿನಕ್ಕೆ ಆ ಗುಂಪಿಗೆ ತಿಳಿದಿರಬಹುದಾದ ಸಂಗತಿಗಳು ಮಾತ್ರ. ಪ್ರಶ್ನೆ ಒಂದೇ: ಇರಬೇಕೋ, ಬಿಡಬೇಕೋ? ಕಾರಣ ಕೊಡಿ.

ಮೊದಲ ಚೀಟಿಗೆ ಬಹುತೇಕ ಎಲ್ಲರೂ ‘ಬಿಡಬೇಕು’ ಎಂದರು. ಎರಡನೆಯದಕ್ಕೆ ತರಗತಿ ಒಡೆಯಿತು. ಕೆಲಸಗಾರರ ಗುಂಪು ಮರಳಲೇಬೇಕೆಂದು ಹಟ ಹಿಡಿಯಿತು, ಅಧಿಕಾರಿಗಳ ಗುಂಪಿನಲ್ಲೇ ಜಗಳವಾಯಿತು. ಮೂರನೆಯ ಚೀಟಿ ಓದಿದ ಮೇಲೆ ವಿಜ್ಞಾನಿಗಳ ಗುಂಪಿನ ಹುಡುಗನೊಬ್ಬ ಹೇಳಿದ: “ನಾ ಆಗ್ತೈತಿ ಅಂದಿದ್ದೆ. ನಾಳಿಗೇ ಆಗ್ತೈತಿ ಅಂದಿದ್ದಿಲ್ಲ.” ಮುನ್ಸೂಚನೆಗೂ ಸಾಧ್ಯತೆಗೂ ಇರುವ ವ್ಯತ್ಯಾಸವನ್ನು ನಾವು ಒಂದು ಅವಧಿಯಿಡೀ ವಿವರಿಸಿದ್ದರೂ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ವಿಹೀಯಾಗಳ ವಿಷಯ ಬಂದಾಗ ಆ ಹುಡುಗಿ ತಾನಾಗಿಯೇ ಎದ್ದು ನಿಂತಳು. ಅಜ್ಜಿ ಮಳೆಗಾಲದಲ್ಲಿ ಹೊಳೆ ದಂಡೆಯ ಗುಡಿಯ ಪಾವಟಿಗೆಗಳನ್ನು ಎಣಿಸುತ್ತಾಳಂತೆ. ನೀರು ಇಷ್ಟನೆಯ ಪಾವಟಿಗೆ ಮುಟ್ಟಿದರೆ ದನ ಬಿಚ್ಚಬೇಕು, ಇಷ್ಟನೆಯದಕ್ಕೆ ಬಂದರೆ ಮನುಷ್ಯರು ಹೊರಡಬೇಕು ಎಂದು ಓಣಿಗೆಲ್ಲ ಹೇಳುತ್ತಾಳಂತೆ. ಈ ಸಲ ತರಗತಿ ನಗಲಿಲ್ಲ. “ಎಷ್ಟನೇ ಪಾವಟಿಗಿ?” ಎಂದು ಮೂರು ನಾಲ್ಕು ಜನ ಒಟ್ಟಿಗೆ ಕೇಳಿದರು.

ಕೆಲವು ಎಚ್ಚರಗಳು

ಪಾಠದಲ್ಲಿ ದೋಷಗಳೂ ಇದ್ದವು. ಒಂದೇ ಅವಧಿಗೆ ಮೂರು ಚೀಟಿ ಹೆಚ್ಚಾಯಿತು. ಕೊನೆಯ ಚೀಟಿಯನ್ನು ಪ್ರಶಿಕ್ಷಣಾರ್ಥಿ ಓಡಿಸಿಬಿಟ್ಟರು, ರೈತರ ಗುಂಪಿಗೆ ಮಾತಾಡಲು ಸಮಯವೇ ಸಿಗಲಿಲ್ಲ. ಎರಡು ಅವಧಿ ಜೋಡಿಸಿಕೊಳ್ಳುವುದು ಒಳ್ಳೆಯದು. ನಕ್ಷೆಯಲ್ಲಿ ಗಾಳಿಯ ದಿಕ್ಕು ಮತ್ತು ಎರಡು ಕಣಿವೆಗಳನ್ನು ಮಕ್ಕಳಿಂದಲೇ ಬರೆಸಿದ ನಂತರ ಚೀಟಿ ಕೊಡಬೇಕು. ಇಲ್ಲದಿದ್ದರೆ ಚರ್ಚೆ ಭೂಗೋಳ ಬಿಟ್ಟು ಬರೀ ವಾದವಾಗುತ್ತದೆ.

ಎರಡನೆಯ ಎಚ್ಚರ ಹೆಚ್ಚು ಮುಖ್ಯವಾದದ್ದು. ‘ತಿಳಿವಳಿಕೆ ಇಲ್ಲ’ ಎಂಬ ಉತ್ತರವನ್ನು ಬಿಟ್ಟು, ‘ಇರುವವರೇ ಸರಿ’ ಎಂಬ ಇನ್ನೊಂದು ಸುಲಭದ ಉತ್ತರಕ್ಕೆ ಜಾರಬಾರದು. ಪಾಲಿತಾವಾದಲ್ಲಿ ಜನ ಸತ್ತಿದ್ದಾರೆ. ಹೊಳೆ ಒಂದು ರಾತ್ರಿ ಪಾವಟಿಗೆ ಎಣಿಸುವಷ್ಟು ಸಮಯ ಕೊಡದೆ ಏರಬಹುದು. ಅಜ್ಜಿಯ ತೀರ್ಮಾನವನ್ನು ಹೊಗಳುವುದೂ ತೆಗಳುವುದೂ ಶಿಕ್ಷಕರ ಕೆಲಸವಲ್ಲ. ಅವಳ ಲೆಕ್ಕದಲ್ಲಿ ಏನೇನಿದೆ ಎಂದು ಮಕ್ಕಳು ಕೇಳಿ ತಿಳಿಯುವಂತೆ ಮಾಡುವುದು ನಮ್ಮ ಕೆಲಸ.

ಮೌಲ್ಯಮಾಪನಕ್ಕೆ ‘ಜ್ವಾಲಾಮುಖಿಯ ಪರಿಣಾಮಗಳನ್ನು ಪಟ್ಟಿ ಮಾಡಿ’ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಬಹುದು: ‘ಬಾನ್ಯೋಸ್‌ನ ವಸತಿಗೃಹದವನಿಗೂ ಬೆಟ್ಟದ ಪಶ್ಚಿಮದ ರೈತನಿಗೂ ಒಂದೇ ಸ್ಫೋಟದಿಂದ ಆಗುವ ಪರಿಣಾಮಗಳಲ್ಲಿ ವ್ಯತ್ಯಾಸವೇನು? ಕಾರಣ ಕೊಡಿ.’ ಪಾಠಯೋಜನೆ ಬರೆಯುವ ಪ್ರಶಿಕ್ಷಣಾರ್ಥಿ ಮಿತ್ರರು ಒಂದು ಮಾತು ನೆನಪಿಡಲಿ. ‘ಅಲ್ಲ್ಯಾಕ ಇರ್ತಾರ್ರಿ?’ ಎಂಬ ಪ್ರಶ್ನೆ ಈ ಪಾಠದಲ್ಲಿ ಬಂದೇ ಬರುತ್ತದೆ, ಸಾಮಾನ್ಯವಾಗಿ ಕೊನೆಯ ಐದು ನಿಮಿಷದಲ್ಲಿ. ಅದಕ್ಕೆ ಸಮಯ ಇಟ್ಟುಕೊಂಡು ಪಾಠ ಯೋಜಿಸಿ. ವೀಕ್ಷಕರಾಗಿ ಹಿಂದೆ ಕೂರುವ ನಾವೂ ಆ ಐದು ನಿಮಿಷದಲ್ಲಿ ವೀಕ್ಷಣಾ ಹಾಳೆ ತುಂಬುವುದನ್ನು ನಿಲ್ಲಿಸಿ, ಕೈ ಎತ್ತಿ ಇಳಿಸಿದವರು ಯಾರೆಂದು ನೋಡೋಣ.